ದೂರ ಓಡಲು ವೇಗದ ಪಾಠ

ದಿನವೂ ಎಂಟು ಕಿಲೋಮೀಟರ್ ಓಡಿ ಆಯಾಸಪಡದ ತರುಣನೊಬ್ಬ 1600 ಮೀಟರ್ ದೂರವನ್ನು ಆರೂವರೆ ನಿಮಿಷದಲ್ಲಿ ಮುಗಿಸಲಾರದೆ ಉಳಿದುಬಿಡುತ್ತಾನೆ. ಇದು ಹೇಗೆ ಸಾಧ್ಯ? ಎಂಟು ಕಿಲೋಮೀಟರ್ ಓಡಬಲ್ಲವನಿಗೆ ಅದರ ಐದರಲ್ಲೊಂದು ಭಾಗ ಸುಲಭವಾಗಬೇಕಿತ್ತಲ್ಲವೆ?

ಈ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಮುದಗಲ್, ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆಯ ರಸ್ತೆಗಳಲ್ಲಿ ನಸುಕಿನಲ್ಲಿ ಹೋಗುವವರಿಗೆ, ಬರಿಗಾಲಲ್ಲೋ ಕ್ಯಾನ್ವಾಸ್ ಬೂಟಿನಲ್ಲೋ ಓಡುವ ಹುಡುಗರು ಕಾಣಸಿಗುತ್ತಾರೆ. ಅವರಲ್ಲಿ ಹೆಚ್ಚಿನವರ ಗುರಿ ಪದಕವಲ್ಲ, ನೌಕರಿ. ರಾಜ್ಯ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಓಡಬೇಕು. ಸೇನೆಯ ಭರ್ತಿಯಲ್ಲಿಯೂ 1.6 ಕಿ.ಮೀ. ಓಟವಿದೆ, ಅಲ್ಲಿ ಪೂರ್ಣ ಅಂಕ ಬೇಕೆಂದರೆ ಐದೂವರೆ ನಿಮಿಷದೊಳಗೆ ಗುರಿ ಮುಟ್ಟಬೇಕು. ಹತ್ತು ಹದಿನೈದು ಸೆಕೆಂಡು ತಡವಾದರೆ ಮುಂದಿನ ಅಧಿಸೂಚನೆಯವರೆಗೆ ಕಾಯಬೇಕು. ಅಷ್ಟರಲ್ಲಿ ವಯೋಮಿತಿಯೂ ಮೀರಬಹುದು. ಈ ಸೆಕೆಂಡುಗಳನ್ನು ಕಡಿಮೆ ಮಾಡುವುದು ಹೇಗೆಂಬುದನ್ನು ಮನುಷ್ಯ ಸುಮಾರು ನೂರು ವರ್ಷಗಳ ಪ್ರಯೋಗದಿಂದ ಕಲಿತಿದ್ದಾನೆ. ಆ ಕಲಿಕೆಯ ಚರಿತ್ರೆಯನ್ನು ಇಲ್ಲಿ ನೋಡೋಣ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಭೌತಶಾಸ್ತ್ರದ ಪಾಠದಲ್ಲಿ ನಾವು ‘ಜವ’ ಮತ್ತು ‘ವೇಗ’ಗಳನ್ನು ಬೇರೆಬೇರೆಯಾಗಿ ಕಾಣುತ್ತೇವೆ. ಈ ಲೇಖನದಲ್ಲಿ ಮೈದಾನದ ರೂಢಿಯಂತೆ ‘ವೇಗ’ ಎಂದೇ ಬಳಸಿದ್ದೇನೆ.

ತುಂಡು ಓಟ, ಅಖಂಡ ವೇಗ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಿನಲ್ಲಿ ಮುದಗಲ್ ಕೋಟೆ ಇದೆ. ಬಹಮನಿ ಸುಲ್ತಾನರು, ವಿಜಯನಗರದ ಅರಸರು, ಬಿಜಾಪುರದ ಆದಿಲಶಾಹಿಗಳು ಈ ಕೋಟೆಗಾಗಿ ಶತಮಾನಗಳ ಕಾಲ ಕಾದಾಡಿದರು. ಗಡಿಯ ಕೋಟೆಯಲ್ಲಿ ಏನಾಯಿತೆಂಬ ಸುದ್ದಿ ರಾಜಧಾನಿಯನ್ನು ಎಷ್ಟು ಬೇಗ ಮುಟ್ಟುತ್ತದೆ ಎಂಬುದು ಅಂದಿನ ಆಳರಸರಿಗೆ ಅಳಿವು ಉಳಿವಿನ ಪ್ರಶ್ನೆ. ಸುದ್ದಿ ಒಯ್ಯುವವರು ಕುದುರೆ ಸವಾರರು, ಇಲ್ಲವೆ ಓಟಗಾರರು.

ಓಟಗಾರರ ಮೂಲಕ ಸುದ್ದಿ ಕಳಿಸುವ ಪದ್ಧತಿಯನ್ನು ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ವರ್ಣಿಸಿದ್ದಾನೆ. ಅವನು ಸಿಂಧ್ ಪ್ರಾಂತ್ಯದ ಮೂಲಕ ಭಾರತಕ್ಕೆ ಬಂದದ್ದು 1333ರಲ್ಲಿ. ಆಗ ದೆಹಲಿಯಲ್ಲಿ ಮಹಮ್ಮದ್ ಬಿನ್ ತುಘಲಕನ ಆಳ್ವಿಕೆ. ಕಾಲಾಳಿನ ಅಂಚೆಗೆ ಪ್ರತಿ ಮೈಲಿಯಲ್ಲೂ ಮೂರು ಠಾಣೆಗಳು. ಓಲೆಕಾರ ಒಂದು ಕೈಯಲ್ಲಿ ಪತ್ರ, ಇನ್ನೊಂದು ಕೈಯಲ್ಲಿ ಗಂಟೆ ಕಟ್ಟಿದ ಕೋಲು ಹಿಡಿದು ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಓಡುತ್ತಾನೆ. ಗಂಟೆಯ ಸದ್ದು ಕೇಳಿದೊಡನೆ ಮುಂದಿನ ಠಾಣೆಯವನು ಸೊಂಟ ಕಟ್ಟಿ ನಿಲ್ಲುತ್ತಾನೆ. ಈ ಅಂಚೆ ಕುದುರೆಯ ಅಂಚೆಗಿಂತಲೂ ವೇಗವಾಗಿತ್ತೆಂದು ಅವನು ಬರೆದಿದ್ದಾನೆ. ಮುಂದೆ ಮೈಸೂರು ಸೀಮೆಯಲ್ಲಿ 17ನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ಏರ್ಪಡಿಸಿದ ‘ಅಂಚೆ’ಯೂ ಓಟಗಾರರ ಕಾಲುಗಳನ್ನೇ ನಂಬಿತ್ತು.

ಇದನ್ನು ನಮ್ಮ ಭಾಗಕ್ಕೆ ಅನ್ವಯಿಸಿ ಒಂದು ಲೆಕ್ಕ ಹಾಕೋಣ. ನಕಾಶೆಯಲ್ಲಿ ಮುದಗಲ್‌ನಿಂದ ಹಂಪಿಗೆ ನೇರ ದೂರ ಸುಮಾರು 75 ಕಿ.ಮೀ. ದಾರಿಯ ತಿರುವುಗಳನ್ನೂ ನಡುವಿನ ತುಂಗಭದ್ರೆಯನ್ನೂ ಸದ್ಯಕ್ಕೆ ಮರೆಯೋಣ. ಒಬ್ಬನೇ ಗಟ್ಟಿ ಆಳು ಗಂಟೆಗೆ 10 ಕಿ.ಮೀ.ನಂತೆ ನಿಲ್ಲದೆ ಓಡಿದರೂ ಏಳೂವರೆ ಗಂಟೆ ಬೇಕು. ಮೈಲಿಗೆ ಮೂವರಂತೆ ಸುಮಾರು 140 ಜನ ಓಡಿದರೆ ಒಬ್ಬೊಬ್ಬನ ಪಾಲಿಗೆ ಬರುವುದು ಸುಮಾರು 536 ಮೀಟರ್. ಅಷ್ಟು ದೂರವನ್ನು ಗಟ್ಟಿಮುಟ್ಟಾದ ತರುಣ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಕ್ರಮಿಸಬಲ್ಲ. ಆಗ ಸುದ್ದಿ ತಲುಪಲು ಬೇಕಾಗುವ ಕಾಲ 15,000 ಸೆಕೆಂಡು, ಅಂದರೆ 4 ಗಂಟೆ 10 ನಿಮಿಷ!

ಇಲ್ಲಿ ಅಡಗಿರುವ ತತ್ತ್ವವನ್ನು ಗಮನಿಸಿ. ದೂರವನ್ನು ತುಂಡು ಮಾಡಿದರೆ ವೇಗ ಹೆಚ್ಚುತ್ತದೆ, ಏಕೆಂದರೆ ಒಬ್ಬ ಓಡುತ್ತಿರುವಾಗ ಉಳಿದವರೆಲ್ಲ ವಿಶ್ರಮಿಸುತ್ತಿರುತ್ತಾರೆ. ಈಗ 140 ಜನರ ಬದಲು ಒಬ್ಬನೇ ಇದ್ದಾನೆ ಎಂದುಕೊಳ್ಳಿ. ಅವನು ಸ್ವಲ್ಪ ದೂರ ವೇಗವಾಗಿ ಓಡಿ, ವಿಶ್ರಮಿಸಿ, ಮತ್ತೆ ಓಡುತ್ತಾನೆ. ಸುದ್ದಿ ಬೇಗ ತಲುಪದು, ನಿಜ. ಆದರೆ ಅವನ ದೇಹ ವೇಗವನ್ನು ಕಲಿಯುತ್ತದೆ. ಇದೇ ಇಂದಿನ ‘ಇಂಟರ್ವಲ್ ತರಬೇತಿ’, ಕನ್ನಡದಲ್ಲಿ ‘ವಿರಾಮ ತರಬೇತಿ’ ಎನ್ನಬಹುದು. ಅಂಚೆಯ ಓಟದಿಂದ ತರಬೇತಿಯ ಓಟಕ್ಕೆ ಬರಲು ಜಗತ್ತು 20ನೆಯ ಶತಮಾನದವರೆಗೆ ಕಾಯಬೇಕಾಯಿತು.

ಬೆಳಗಾವಿಯಿಂದ ಆಂಟ್‌ವರ್ಪ್‌ಗೆ

1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ಏರ್ಪಡಿಸಿದ ಕ್ರೀಡಾಕೂಟದಲ್ಲಿ ಹೊಲಗದ್ದೆಗಳಲ್ಲಿ ದುಡಿಯುವ ಹುಡುಗರು ಬರಿಗಾಲಲ್ಲಿ ದೂರದ ಓಟ ಓಡಿದರು. ಸಂಸ್ಥೆಯ ಅಧ್ಯಕ್ಷರಾಗಿದ್ದ ಉದ್ಯಮಿ ದೊರಾಬ್ಜಿ ಟಾಟಾ ಅದನ್ನು ಕಂಡು ಬೆರಗಾದರು. ಈ ಹುಡುಗರಿಗೆ ಸ್ಪರ್ಧೆಯ ನಿಯಮಗಳಾಗಲಿ ಕ್ರಮಬದ್ಧ ತರಬೇತಿಯಾಗಲಿ ತಿಳಿದಿರಲಿಲ್ಲ. ಆದರೂ ಅವರ ಓಟದ ಕಾಲ ಯುರೋಪಿನ ಮಟ್ಟಕ್ಕೆ ಹೋಲಿಸುವಂತಿತ್ತು ಎಂದು ಟಾಟಾ ನಂತರ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ನೆನೆದಿದ್ದಾರೆ. ಅವರ ಉತ್ಸಾಹದ ಫಲವಾಗಿ 1920ರಲ್ಲಿ ಬೆಲ್ಜಿಯಮ್ ದೇಶದ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಆರು ಜನರ ಭಾರತ ತಂಡ ಹೊರಟಿತು. ಅದರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಮತ್ತು ಹುಬ್ಬಳ್ಳಿಯ ಕೈಕಾಡಿ ಇದ್ದರು. ಅಂದು ಮುಂಬಯಿ ಪ್ರಾಂತ್ಯದಲ್ಲಿದ್ದ ಇವೆರಡೂ ಊರುಗಳು ಇಂದು ಕರ್ನಾಟಕದಲ್ಲಿವೆ.

ಆಂಟ್‌ವರ್ಪ್‌ನ ಮ್ಯಾರಥಾನ್ ಓಟ ವಾಡಿಕೆಗಿಂತ ಉದ್ದವಾಗಿತ್ತು, 42.75 ಕಿ.ಮೀ. ಚೌಗುಲೆಯವರು 2 ಗಂಟೆ 50 ನಿಮಿಷ 45.4 ಸೆಕೆಂಡುಗಳಲ್ಲಿ ಓಡಿ 19ನೆಯವರಾದರು. ಗೆದ್ದ ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ ತೆಗೆದುಕೊಂಡ ಕಾಲ 2 ಗಂಟೆ 32 ನಿಮಿಷ 35.8 ಸೆಕೆಂಡು. ಭಾಗಿಸಿ ನೋಡಿ: ಚೌಗುಲೆಯವರ ಸರಾಸರಿ ವೇಗ ಗಂಟೆಗೆ 15.0 ಕಿ.ಮೀ., ಕೊಲೆಹ್ಮೈನೆನ್‌ರದು 16.8 ಕಿ.ಮೀ. ವ್ಯತ್ಯಾಸ ಶೇಕಡಾ 11ರಷ್ಟು. ಸುಮಾರು ಮೂರು ಗಂಟೆ ಓಡುತ್ತಲೇ ಇರಬಲ್ಲ ತ್ರಾಣ ಬೆಳಗಾವಿಯ ಓಟಗಾರನಲ್ಲಿ ಧಾರಾಳವಾಗಿತ್ತು. ಕೊರತೆ ಇದ್ದದ್ದು ವೇಗದಲ್ಲಿ. ಆ ವೇಗವನ್ನು ಕ್ರಮವಾಗಿ ಬೆಳೆಸುವ ವಿಧಾನಗಳು ಆಗತಾನೆ ಯುರೋಪಿನ ಉತ್ತರದಲ್ಲಿ ರೂಪುಗೊಳ್ಳುತ್ತಿದ್ದವು.

ಗಡಿಯಾರ ಹಿಡಿದ ಓಟಗಾರ

ಅದೇ ಆಂಟ್‌ವರ್ಪ್‌ನಲ್ಲಿ ಫಿನ್ಲೆಂಡಿನ ಇನ್ನೊಬ್ಬ ತರುಣ ಮೊದಲ ಬಾರಿಗೆ ಒಲಿಂಪಿಕ್ಸ್ ಅಂಗಳಕ್ಕಿಳಿದು 10,000 ಮೀಟರ್ ಓಟವನ್ನು ಗೆದ್ದ. ಅವನೇ ಪಾವೊ ನೂರ್ಮಿ. ನೂರ್ಮಿ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಓಡುತ್ತಿದ್ದ. ಪಕ್ಕದಲ್ಲಿ ಯಾರಿದ್ದಾರೆ ಎಂಬುದಕ್ಕಿಂತ ಒಂದೊಂದು ಸುತ್ತಿಗೆ ಎಷ್ಟು ಸೆಕೆಂಡು ಹಿಡಿಯಿತು ಎಂಬುದೇ ಅವನಿಗೆ ಮುಖ್ಯ. ಫಿನ್ಲೆಂಡಿನ ಕ್ರೀಡಾಚಿಂತಕ ಲೌರಿ ಪಿಹ್ಕಲ ಆಗಲೇ ಬಿರುಸಿನ ಓಟ ಮತ್ತು ವಿಶ್ರಾಂತಿಗಳನ್ನು ಒಂದಾದ ಮೇಲೊಂದರಂತೆ ಹೆಣೆಯುವ ತರಬೇತಿಯನ್ನು ಬೋಧಿಸುತ್ತಿದ್ದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೂರ್ಮಿ 1500 ಮತ್ತು 5000 ಮೀಟರ್ ಓಟಗಳನ್ನು ಒಂದೇ ದಿನ, ಅಲ್ಪ ಅಂತರದಲ್ಲಿ ಗೆದ್ದ.

1930ರ ದಶಕದಲ್ಲಿ ಸ್ವೀಡನ್ನಿನ ತರಬೇತುದಾರ ಯೋಸ್ಟಾ ಹೊಲ್ಮೆರ್ ‘ಫಾರ್ಟ್‌ಲೆಕ್’ ಎಂಬ ಪದ್ಧತಿಯನ್ನು ತಂದರು. ಆ ಭಾಷೆಯಲ್ಲಿ ಇದರ ಅರ್ಥ ‘ವೇಗದ ಆಟ’. ಇಲ್ಲಿ ಅಳತೆಯಿಲ್ಲ, ಟ್ರ್ಯಾಕ್ ಇಲ್ಲ. ಕಾಡುದಾರಿಯಲ್ಲಿ ಹಗುರವಾಗಿ ಓಡುತ್ತ, ಕಂಡ ಮರದವರೆಗೆ ಬಿರುಸಾಗಿ ಓಡಿ, ಮತ್ತೆ ನಿಧಾನಿಸುವುದು. ಸ್ವೀಡನ್ನಿನ ಗುಂಡರ್ ಹೆಗ್ ಮತ್ತು ಆರ್ನೆ ಆಂಡರ್ಸನ್ ಪೈಪೋಟಿಯಲ್ಲಿ ಮೈಲಿ ಓಟದ ದಾಖಲೆಯನ್ನು ಮತ್ತೆ ಮತ್ತೆ ಇಳಿಸಿದರು. 1945ರಲ್ಲಿ ಅದು 4 ನಿಮಿಷ 1.4 ಸೆಕೆಂಡಿಗೆ ಬಂದು ನಿಂತಿತು.

ಆಮ್ಲಜನಕದ ಆಯವ್ಯಯ

ಮೈದಾನದಲ್ಲಿ ಈ ಪ್ರಯೋಗಗಳು ನಡೆದಿರುವಾಗಲೇ ಪ್ರಯೋಗಶಾಲೆಯಲ್ಲಿ ಅದರ ಕಾರಣಗಳ ಹುಡುಕಾಟ ಸಾಗಿತ್ತು. ಬ್ರಿಟನ್ನಿನ ಎ. ವಿ. ಹಿಲ್ ಕೇಂಬ್ರಿಜ್‌ನಲ್ಲಿ ಗಣಿತ ಓದಿ ಶರೀರಕ್ರಿಯಾ ವಿಜ್ಞಾನಕ್ಕೆ ಬಂದವರು. ಸ್ನಾಯುವಿನಲ್ಲಿ ಶಾಖ ಉತ್ಪತ್ತಿಯಾಗುವ ಬಗೆಯನ್ನು ಅಳೆದುದಕ್ಕಾಗಿ 1922ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಅವರು ಸ್ವತಃ ಓಟಗಾರರೂ ಹೌದು. ಉಸಿರನ್ನು ಚೀಲದಲ್ಲಿ ಹಿಡಿದು ಅಳೆದಾಗ, ಓಟದ ವೇಗ ಏರಿದಂತೆ ದೇಹ ಬಳಸುವ ಆಮ್ಲಜನಕವೂ ಏರುತ್ತ ಹೋಗಿ ಒಂದು ಮಿತಿಯಲ್ಲಿ ನಿಲ್ಲುತ್ತದೆ ಎಂದು ಕಂಡರು. ಹಿಲ್ ಅವರದೇ ದೇಹದಲ್ಲಿ ಆ ಮಿತಿ ನಿಮಿಷಕ್ಕೆ ಸುಮಾರು 4 ಲೀಟರ್. ಇದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿದರೆ ದೇಹ ಆಮ್ಲಜನಕದ ‘ಸಾಲ’ ಮಾಡುತ್ತದೆ ಎಂಬುದು ಅವರ ವಿವರಣೆ.

ಸಂಬಳ ಮತ್ತು ಗಂಟಿನ ಹೋಲಿಕೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಆಮ್ಲಜನಕದಿಂದ ನಿಮಿಷ ನಿಮಿಷಕ್ಕೆ ಬರುವ ಶಕ್ತಿ ನಿಮ್ಮ ಸಂಬಳ. ಆಮ್ಲಜನಕವಿಲ್ಲದೆ ಸ್ವಲ್ಪ ಹೊತ್ತು ಸಿಗುವ ಶಕ್ತಿ ಕೂಡಿಟ್ಟ ಗಂಟು. ಸಂಬಳದೊಳಗಿನ ವೇಗದಲ್ಲಿ ಬಹಳ ಹೊತ್ತು ಓಡಬಹುದು. ಅದನ್ನು ಮೀರಿದ ಕ್ಷಣದಿಂದ ಗಂಟು ಕರಗತೊಡಗುತ್ತದೆ. ಬರಿದಾದೊಡನೆ ಕಾಲು ಸೋಲುತ್ತದೆ. ಎಂಟು ಕಿಲೋಮೀಟರ್ ಓಡುವ ನಮ್ಮ ತರುಣ ಸಂಬಳಕ್ಕಿಂತ ಬಹಳ ಕಡಿಮೆ ಖರ್ಚಿನಲ್ಲಿ ಓಡುತ್ತಾನೆ. ಆದ್ದರಿಂದ ಅವನಿಗೆ ದಣಿವಿಲ್ಲ. ಆದರೆ ಅದೇ ಕಾರಣಕ್ಕೆ ಅವನ ಸಂಬಳ ಏರುವುದೂ ನಿಂತುಬಿಟ್ಟಿದೆ.

ಹಿಲ್ ಅವರ ಕೆಲವು ಮಾತುಗಳು ನಂತರ ತಿದ್ದುಪಡಿಗೊಂಡವು. ಬಿರುಸಿನ ಓಟದಲ್ಲಿ ಸ್ನಾಯುವಿನಲ್ಲಿ ಸೇರುವ ಲ್ಯಾಕ್ಟೇಟ್ ಒಂದು ಕಸವೆಂದು ಬಹುಕಾಲ ನಂಬಲಾಗಿತ್ತು. ಅದನ್ನು ಹೃದಯ ಮತ್ತು ಇತರ ಸ್ನಾಯುಗಳು ಇಂಧನವಾಗಿ ಬಳಸುತ್ತವೆ ಎಂದು 1980ರ ದಶಕದಿಂದೀಚೆಗೆ ಅಮೆರಿಕದ ಜಾರ್ಜ್ ಬ್ರೂಕ್ಸ್ ತೋರಿಸಿದರು. ಆದರೆ ಮಿತಿ ಇದೆ ಎಂಬ ಹಿಲ್ ಅವರ ಮೂಲ ಮಾತು ಉಳಿದಿದೆ. ಆ ಮಿತಿಯನ್ನು ತರಬೇತಿಯಿಂದ ಮೇಲಕ್ಕೇರಿಸಬಹುದು. ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತವನ್ನು ನೂಕಲು ಕಲಿಯುತ್ತದೆ. ಸ್ನಾಯುಕೋಶಗಳಲ್ಲಿ ಆಮ್ಲಜನಕ ಬಳಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಇದನ್ನು 1967ರಲ್ಲಿ ಜಾನ್ ಹೊಲೊಝಿ ಓಡಿಸಿ ಪಳಗಿಸಿದ ಇಲಿಗಳ ಸ್ನಾಯುಗಳಲ್ಲಿ ತೋರಿಸಿದರು.

ವಿಶ್ರಾಂತಿಯೂ ತರಬೇತಿಯೇ

ವೇಗಕ್ಕೂ ವಿಶ್ರಾಂತಿಗೂ ಲೆಕ್ಕ ಕೂರಿಸಿದವರು ಜರ್ಮನಿಯ ಫ್ರೈಬುರ್ಗ್‌ನ ತರಬೇತುದಾರ ವೋಲ್ಡೆಮಾರ್ ಗೆರ್ಶ್ಲರ್ ಮತ್ತು ಹೃದಯತಜ್ಞ ಹರ್ಬರ್ಟ್ ರೈಂಡೆಲ್. ಅವರ ಸೂತ್ರ ಸರಳ: ನಾಡಿಬಡಿತ ನಿಮಿಷಕ್ಕೆ 180ರ ಆಸುಪಾಸಿಗೆ ಏರುವಂತೆ ಚಿಕ್ಕ ದೂರ ಓಡಿಸಿ, ಅದು 120ಕ್ಕೆ ಇಳಿಯುವವರೆಗೆ ವಿಶ್ರಾಂತಿ ಕೊಡಿ, ಒಂದೂವರೆ ನಿಮಿಷದಲ್ಲಿ ಇಳಿಯದಿದ್ದರೆ ಓಟ ಹೆಚ್ಚಾಯಿತೆಂದು ತಿಳಿಯಿರಿ. ಗೆರ್ಶ್ಲರ್ ಪಳಗಿಸಿದ ರುಡೋಲ್ಫ್ ಹಾರ್ಬಿಗ್ 1939ರಲ್ಲಿ ಮಿಲಾನ್‌ನಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡುಗಳಲ್ಲಿ ಓಡಿದ. ಆ ದಾಖಲೆ 16 ವರ್ಷ ಉಳಿಯಿತು.

ಝೆಕೊಸ್ಲೊವಾಕಿಯದ ಎಮಿಲ್ ಝಾಟೊಪೆಕ್ ಬೂಟಿನ ಕಾರ್ಖಾನೆಯಲ್ಲಿ ಕೆಲಸಗಾರನಾಗಿದ್ದವನು. ನಿಧಾನವಾಗಿ ಓಡುವುದು ತನಗೆ ಗೊತ್ತಿದೆ, ಕಲಿಯಬೇಕಾದದ್ದು ವೇಗವಾಗಿ ಓಡುವುದನ್ನು ಎಂಬುದು ಅವನ ವಾದ. ಅವನು 400 ಮೀಟರ್ ಓಟಗಳನ್ನು, ನಡುವೆ ಹಗುರ ಓಟದ ವಿರಾಮವಿಟ್ಟು, ಒಂದೇ ದಿನ ಹತ್ತಾರು ಸಲ ಓಡುತ್ತಿದ್ದ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5000, 10,000 ಮೀಟರ್ ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದ. ಅವನ ಬದುಕಿನ ಮೊದಲ ಮ್ಯಾರಥಾನ್ ಅದು! ಚಿಕ್ಕ ತುಂಡುಗಳ ಓಟದಿಂದ ದೂರದ ಓಟ ಗೆಲ್ಲಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ ವೈದ್ಯ ವಿದ್ಯಾರ್ಥಿ ರೋಜರ್ ಬ್ಯಾನಿಸ್ಟರ್ ಮೈಲಿ ಓಟವನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಮುಗಿಸಿದರು. ಅವರಿಗೆ ಅಭ್ಯಾಸಕ್ಕೆ ಸಿಗುತ್ತಿದ್ದ ಹೊತ್ತು ಕಡಿಮೆ. ಕಾಲು ಮೈಲಿಯ ಹತ್ತು ಓಟಗಳು, ನಡುವೆ ಎರಡು ನಿಮಿಷ ವಿರಾಮ. ಇದೇ ಅವರ ಮುಖ್ಯ ಪಾಠ. ತಿಂಗಳುಗಳ ಅಭ್ಯಾಸದಿಂದ ಒಂದೊಂದು ಓಟದ ಕಾಲ 66 ಸೆಕೆಂಡಿನಿಂದ 61ಕ್ಕೆ ಇಳಿದು ಅಲ್ಲಿಯೇ ನಿಂತಿತು. ಅವರು ಇನ್ನಷ್ಟು ಓಡಲು ಹೋಗಲಿಲ್ಲ. ಕೆಲವು ದಿನ ಓಟವನ್ನೇ ಬಿಟ್ಟು ಸ್ಕಾಟ್ಲೆಂಡಿನ ಬೆಟ್ಟಗಳನ್ನು ಹತ್ತಿ ಬಂದರು. ಹಿಂತಿರುಗಿದ ಮೇಲೆ ಕಾಲ 59ಕ್ಕೆ ಇಳಿಯಿತು. ದೇಹ ಬಲಗೊಳ್ಳುವುದು ಓಡುವಾಗ ಅಲ್ಲ, ಓಡಿದ ಮೇಲಿನ ಬಿಡುವಿನಲ್ಲಿ.

ಅತಿಯಾದರೆ?

ಝಾಟೊಪೆಕ್‌ನನ್ನು ನೋಡಿ ದಿನವೂ ಬಿರುಸಾಗಿ ಓಡಹೊರಟವರಲ್ಲಿ ಅನೇಕರು ಗಾಯಗೊಂಡರು, ಬಸವಳಿದರು. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಇನ್ನೊಂದು ತುದಿಯಿಂದ ಹೊರಟರು. ಮೊದಲು ತಿಂಗಳುಗಟ್ಟಲೆ ವಾರಕ್ಕೆ ನೂರು ಮೈಲಿಯಷ್ಟು ಹದವಾದ ಓಟ. ಆ ತಳಪಾಯದ ಮೇಲೆ ಗುಡ್ಡದ ಓಟ. ಕೊನೆಗೆ ವೇಗದ ಓಟ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರನ್ನೂ ಮರ್ರೆ ಹಾಲ್ಬರ್ಗ್ 5000 ಮೀಟರನ್ನೂ ಒಂದೇ ದಿನ ಗೆದ್ದರು.

ಈ ಎರಡು ಪಂಥಗಳ ಜಗಳ ಈಗ ಬಹುಮಟ್ಟಿಗೆ ಬಗೆಹರಿದಿದೆ. ಉನ್ನತ ಮಟ್ಟದ ಕ್ರೀಡಾಪಟುಗಳ ತರಬೇತಿಯಲ್ಲಿ ಸುಮಾರು ಶೇಕಡಾ 80 ಭಾಗ ಹಗುರ, ಶೇಕಡಾ 20 ಭಾಗ ಮಾತ್ರ ಬಿರುಸು ಎಂದು ನಾರ್ವೆಯಲ್ಲಿ ನೆಲೆಸಿದ ಸ್ಟೀಫನ್ ಸೀಲರ್ ಈ ಶತಮಾನದಲ್ಲಿ ತೋರಿಸಿಕೊಟ್ಟರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 5000 ಮೀಟರ್ ಗೆದ್ದ ನಾರ್ವೆಯ ಯಾಕೊಬ್ ಇಂಗೆಬ್ರಿಗ್ಟ್ಸೆನ್ ಅಭ್ಯಾಸದ ನಡುವೆಯೇ ರಕ್ತದ ಹನಿ ತೆಗೆದು ಲ್ಯಾಕ್ಟೇಟ್ ಅಳೆದು ವೇಗವನ್ನು ಹದಗೊಳಿಸುವ ಪದ್ಧತಿಯಲ್ಲಿ ಬೆಳೆದವರು.

ನಮ್ಮಲ್ಲಿಯೂ ಬದಲಾವಣೆ ಬಂದಿದೆ. 1978ರಲ್ಲಿ ಜಲಂಧರ್‌ನಲ್ಲಿ ಶಿವನಾಥ ಸಿಂಗ್ ಮ್ಯಾರಥಾನನ್ನು 2 ಗಂಟೆ 12 ನಿಮಿಷದಲ್ಲಿ ಓಡಿದ್ದು ನಾಲ್ಕು ದಶಕಗಳಿಗೂ ಮೀರಿ ರಾಷ್ಟ್ರೀಯ ದಾಖಲೆಯಾಗಿ ಉಳಿಯಿತು. ದೂರದ ಓಟದಲ್ಲಿ ನಾವು ನಿಂತಲ್ಲೇ ನಿಂತಿದ್ದೆವು ಎಂಬುದಕ್ಕೆ ಅದೇ ಗುರುತು. ಆದರೆ 2024ರಲ್ಲಿ ಅವಿನಾಶ ಸಾಬಳೆ 3000 ಮೀಟರ್ ಸ್ಟೀಪಲ್‌ಚೇಸನ್ನು 8 ನಿಮಿಷ 9.91 ಸೆಕೆಂಡಿನಲ್ಲಿ, 2025ರಲ್ಲಿ ಗುಲ್ವೀರ್ ಸಿಂಗ್ 10,000 ಮೀಟರನ್ನು 27 ನಿಮಿಷ 0.22 ಸೆಕೆಂಡಿನಲ್ಲಿ ಓಡಿದರು. ಗುಲ್ವೀರ್ ಅವರ ಸರಾಸರಿ ವೇಗ ಸೆಕೆಂಡಿಗೆ 6.17 ಮೀಟರ್. ನಮ್ಮ ಕಲ್ಪನೆಯ ಅಂಚೆಯ ಓಟಗಾರ 536 ಮೀಟರ್‌ಗೆ ಸಾಧಿಸಿದ ವೇಗವನ್ನು ಮೀರಿ ಒಬ್ಬನೇ ಹತ್ತು ಕಿಲೋಮೀಟರ್ ಓಡಿದಂತಾಯಿತು!

ತಡವಾಗಿ ತೆರೆದ ಬಾಗಿಲು

ಈ ಚರಿತ್ರೆಯಲ್ಲಿ ಇಲ್ಲಿಯವರೆಗೆ ಬಂದವರೆಲ್ಲ ಗಂಡಸರೇ ಎಂಬುದನ್ನು ನೀವು ಗಮನಿಸಿರಬಹುದು. ಅದಕ್ಕೆ ಕಾರಣ ಹೆಂಗಸರ ದೇಹವಲ್ಲ, ಗಂಡಸರ ನಿಯಮ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ 800 ಮೀಟರ್ ಓಟ ಏರ್ಪಟ್ಟಿತ್ತು. ಓಡಿದವರು ಕುಸಿದುಬಿದ್ದರೆಂದು ಪತ್ರಿಕೆಗಳು ಉತ್ಪ್ರೇಕ್ಷಿಸಿ ಬರೆದವು, ಓಟವನ್ನೇ ತೆಗೆದುಹಾಕಲಾಯಿತು. ಅದು ಮರಳಿದ್ದು 1960ರಲ್ಲಿ. 1500 ಮೀಟರ್‌ಗೆ 1972ರವರೆಗೆ, ಮ್ಯಾರಥಾನ್‌ಗೆ 1984ರವರೆಗೆ ಕಾಯಬೇಕಾಯಿತು. ಹೃದಯ, ಸ್ನಾಯು, ಮೈಟೊಕಾಂಡ್ರಿಯಗಳು ಬಿರುಸಿನ ಓಟಕ್ಕೆ ಸ್ಪಂದಿಸುವ ಬಗೆ ಹೆಣ್ಣು ಗಂಡು ಇಬ್ಬರಲ್ಲೂ ಒಂದೇ. ಮುಂದೆ ಹೇಳುವ ಲೆಕ್ಕವೂ ಇಬ್ಬರಿಗೂ ಸಲ್ಲುತ್ತದೆ.

ನಿಮ್ಮ ಲೆಕ್ಕ ನೀವೇ ಹಾಕಿ

ಹಿಲ್ ಅವರು ವಿಶ್ವದಾಖಲೆಗಳ ವೇಗ ಮತ್ತು ಕಾಲಗಳ ನಕ್ಷೆ ಎಳೆದದ್ದು 1925ರಲ್ಲಿ. ಆ ದಾರಿಯಲ್ಲಿ ಮುಂದುವರಿದ ಸಂಶೋಧಕರು ಒಂದು ಸರಳ ಸಮೀಕರಣವನ್ನು ಕೊಟ್ಟರು: ಓಡಿದ ದೂರ ಎಂದರೆ ಸಂಬಳದ ವೇಗವನ್ನು ಕಾಲದಿಂದ ಗುಣಿಸಿ, ಅದಕ್ಕೆ ಗಂಟಿನ ದೂರವನ್ನು ಕೂಡಿದ್ದು. ಸಂಬಳದ ವೇಗಕ್ಕೆ ‘ಕ್ರಾಂತಿವೇಗ’ ಎನ್ನೋಣ. ಎರಡು ನಿಮಿಷಗಳಿಂದ ಹದಿನೈದು ನಿಮಿಷಗಳವರೆಗಿನ ಓಟಗಳಿಗೆ ಈ ಸಮೀಕರಣ ಸಾಕಷ್ಟು ಹೊಂದುತ್ತದೆ.

ಒಬ್ಬ ಕಾಲ್ಪನಿಕ ಅಭ್ಯರ್ಥಿಯನ್ನು ತೆಗೆದುಕೊಳ್ಳಿ. ಅವನು ಒಂದು ದಿನ 800 ಮೀಟರನ್ನು 3 ನಿಮಿಷದಲ್ಲಿ, ಇನ್ನೊಂದು ದಿನ 2400 ಮೀಟರನ್ನು 10 ನಿಮಿಷ 40 ಸೆಕೆಂಡಿನಲ್ಲಿ ಪೂರ್ಣ ಶಕ್ತಿಯಿಂದ ಓಡುತ್ತಾನೆ. ದೂರಗಳ ವ್ಯತ್ಯಾಸ 1600 ಮೀಟರ್, ಕಾಲಗಳ ವ್ಯತ್ಯಾಸ 460 ಸೆಕೆಂಡು. ಭಾಗಿಸಿದರೆ ಕ್ರಾಂತಿವೇಗ ಸೆಕೆಂಡಿಗೆ 3.48 ಮೀಟರ್, ಗಂಟಿನ ದೂರ 174 ಮೀಟರ್. ಹಾಗಾದರೆ 1600 ಮೀಟರ್‌ಗೆ ಅವನಿಗೆ ಬೇಕಾಗುವುದು 410 ಸೆಕೆಂಡು, ಅಂದರೆ 6 ನಿಮಿಷ 50 ಸೆಕೆಂಡು. ಇಪ್ಪತ್ತು ಸೆಕೆಂಡು ಕಡಿಮೆ ಮಾಡಬೇಕು. ಗಂಟನ್ನಷ್ಟೇ ಹೆಚ್ಚಿಸಿ ಅದನ್ನು ಸಾಧಿಸಬೇಕೆಂದರೆ ಗಂಟು ಶೇಕಡಾ 40ರಷ್ಟು ಬೆಳೆಯಬೇಕು. ಕ್ರಾಂತಿವೇಗವನ್ನು ಏರಿಸುವುದಾದರೆ ಶೇಕಡಾ 5ರಷ್ಟು ಸಾಕು. ಹಾದಿ ಯಾವುದೆಂದು ಲೆಕ್ಕವೇ ಹೇಳುತ್ತದೆ. ಕ್ರಾಂತಿವೇಗವನ್ನು ಮೇಲೆಳೆಯಲು ಅದಕ್ಕಿಂತ ತುಸು ಹೆಚ್ಚಿನ ವೇಗದಲ್ಲಿ ಆಗಾಗ ಓಡಬೇಕು. ಒಂದೇ ಸಮನೆ ಹಾಗೆ ಓಡಲು ಗಂಟು ಸಾಲದು. ಆದ್ದರಿಂದ ಓಟವನ್ನು ತುಂಡು ಮಾಡಬೇಕು.

ಆರೂವರೆ ನಿಮಿಷದ ಗುರಿಯೆಂದರೆ ಪ್ರತಿ 400 ಮೀಟರ್‌ಗೆ 97.5 ಸೆಕೆಂಡು. ವಾರಕ್ಕೆ ಒಂದು ಅಥವಾ ಎರಡು ದಿನ, ಚೆನ್ನಾಗಿ ಮೈ ಬಿಸಿ ಮಾಡಿಕೊಂಡು, ಈ ವೇಗದಲ್ಲಿ 400 ಮೀಟರ್‌ನ ನಾಲ್ಕು ಓಟಗಳು. ನಡುವೆ ಎರಡು ಮೂರು ನಿಮಿಷ ನಡಿಗೆ. ವಾರಗಳು ಕಳೆದಂತೆ ನಾಲ್ಕನ್ನು ಆರಕ್ಕೆ, ಎಂಟಕ್ಕೆ ಏರಿಸಿ. ನಂತರ ವಿರಾಮವನ್ನು ತಗ್ಗಿಸಿ. ಮೊದಲ ಓಟ ಮತ್ತು ಕೊನೆಯ ಓಟದ ಕಾಲ ಒಂದೇ ಆಗಿರಲಿ. ಉಳಿದ ದಿನಗಳಲ್ಲಿ ಮಾತಾಡುತ್ತ ಓಡಬಹುದಾದಷ್ಟು ಹಗುರವಾಗಿ ಓಡಿ; ವಾರಕ್ಕೊಂದು ದಿನ ಪೂರ್ತಿ ಬಿಡುವು.

ಸಿಂಥೆಟಿಕ್ ಟ್ರ್ಯಾಕ್ ಇಲ್ಲವೆಂದು ಕೊರಗಬೇಕಿಲ್ಲ. ಸೈಕಲ್ ಗಾಲಿಯ ಸುತ್ತಳತೆಯನ್ನು ದಾರದಿಂದ ಅಳೆಯಿರಿ. ಅದು 2.2 ಮೀಟರ್ ಇದ್ದರೆ 182 ಸುತ್ತಿಗೆ 400 ಮೀಟರ್ ಆಗುತ್ತದೆ. ಗಾಲಿಯ ಕಡ್ಡಿಗೊಂದು ಬಟ್ಟೆಯ ಚೂರು ಕಟ್ಟಿ ಎಣಿಸಿದರೆ ಸಾಕು. ವಾಹನಗಳಿಲ್ಲದ ಸಮತಟ್ಟಾದ ಜಾಗವನ್ನು ಆರಿಸಿಕೊಳ್ಳಿ. ಗಡಿಯಾರ ಮೊಬೈಲಿನಲ್ಲೇ ಇದೆ. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ಸೆಲ್ಸಿಯಸ್ ಮೀರುವುದರಿಂದ ಬಿರುಸಿನ ಓಟ ಸೂರ್ಯ ಏರುವ ಮುನ್ನವೇ ಮುಗಿಯಲಿ. ಓಡುವಾಗ ಎದೆನೋವು, ತಲೆಸುತ್ತು ಕಂಡರೆ ಕೂಡಲೆ ನಿಲ್ಲಿಸಿ ವೈದ್ಯರನ್ನು ಕಾಣಿ.

ಪರೀಕ್ಷೆಗೆ ಹತ್ತು ದಿನವಿರುವಾಗ ಈ ಅಭ್ಯಾಸ ಶುರುಮಾಡಿದರೆ ಫಲವಿಲ್ಲ. ಹೃದಯ ಮತ್ತು ಸ್ನಾಯುಗಳು ಬದಲಾಗಲು ಎರಡು ಮೂರು ತಿಂಗಳಾದರೂ ಬೇಕು. 1920ರಲ್ಲಿ ಬೆಳಗಾವಿಯ ಚೌಗುಲೆಯವರಿಗೆ ಕಾಲಿನ ತ್ರಾಣವಿತ್ತು. ಅದನ್ನು ವೇಗವಾಗಿ ಮಾರ್ಪಡಿಸುವ ವಿದ್ಯೆ ಅವರ ಊರಿಗೆ ಇನ್ನೂ ತಲುಪಿರಲಿಲ್ಲ. ಇಂದು ಆ ವಿದ್ಯೆಗೆ ಗಡಿಯೂ ಇಲ್ಲ, ಶುಲ್ಕವೂ ಇಲ್ಲ. ಒಂದು ದಾರ, ಒಂದು ಸೈಕಲ್, ಒಂದು ಗಡಿಯಾರ ಮತ್ತು ಕಾಯುವ ತಾಳ್ಮೆ ಇದ್ದರೆ ನಾಳೆಯ ನಸುಕಿನಿಂದಲೇ ಆರಂಭಿಸಬಹುದು.